ಹದಿನೈದಕ್ಕೇ ತೀರ್ಪು ಬೇಡ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಹೊತ್ತಿಗೆ ರಾಯಚೂರು ಸೀಮೆಯಲ್ಲಿ ಎಷ್ಟೋ ಮಕ್ಕಳ ಬದುಕಿನ ದಾರಿ ತೀರ್ಮಾನವಾಗಿಬಿಡುತ್ತದೆ. ಗುಂಜಹಳ್ಳಿಯಾಗಲಿ, ದೇವದುರ್ಗ, ಮಾನ್ವಿ ಕಡೆಯ ಊರುಗಳಾಗಲಿ, ಫೇಲಾದ ಹುಡುಗನ ಬಗ್ಗೆ ಕಟ್ಟೆಯ ಮೇಲೆ ಕೇಳುವ ಮಾತು ಒಂದೇ: ‘ವಿದ್ಯಾ ಅವನ ತಲಿಗಿ ಹತ್ತಂಗಿಲ್ಲ ಬಿಡ್ರಿ, ದುಡಿಯಾಕ ಹಚ್ರಿ.’ ಹುಡುಗ ಗುಳೆ ಹೋಗುವವರ ಜೊತೆ ಬೆಂಗಳೂರಿನ ಬಸ್ಸು ಹತ್ತುತ್ತಾನೆ. ಹುಡುಗಿಗೆ ಗಂಡು ಹುಡುಕಲು ಶುರುವಾಗುತ್ತದೆ.

ಬಡತನ ಹೀಗೆ ಮಾಡಿಸುತ್ತದೆ, ನಿಜ. ಆದರೆ ‘ತಲೆಗೆ ಹತ್ತುವುದಿಲ್ಲ’ ಎಂಬ ತೀರ್ಪಿಗೆ ಆಧಾರವಿಲ್ಲ. ಹದಿನೈದರ ಹೊತ್ತಿಗೆ ಆ ತಲೆ ಇನ್ನೂ ಅರ್ಧ ಕೆಲಸದಲ್ಲಿರುತ್ತದೆ.

ಒಳಗೆ ನಡೆಯುವುದೇನು?

ಆರನೇ ವರ್ಷಕ್ಕೆ ಮಗುವಿನ ಮೆದುಳು ಗಾತ್ರದಲ್ಲಿ ದೊಡ್ಡವರ ಮೆದುಳಿನ ಶೇ 90ರಷ್ಟಾಗಿರುತ್ತದೆ. ಹಾಗಾಗಿ ಬೆಳವಣಿಗೆ ಬಾಲ್ಯದಲ್ಲೇ ಮುಗಿಯಿತೆಂದು ಬಹುಕಾಲ ನಂಬಿದ್ದರು. ಅಮೆರಿಕದ ವಿಜ್ಞಾನಿ ಜೇ ಗೀಡ್ ಮತ್ತು ಸಂಗಡಿಗರು ಅದೇ ಮಕ್ಕಳನ್ನು ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ಎಂಆರ್‌ಐ ಸ್ಕ್ಯಾನ್ ಮಾಡಿ, 1999ರಲ್ಲಿ ಬೇರೆಯದೇ ಚಿತ್ರ ಮುಂದಿಟ್ಟರು. ಹಣೆಯ ಹಿಂದಿರುವ ಮುಂಭಾಗದಲ್ಲಿ ಬೂದು ಭಾಗ ಹುಡುಗಿಯರಲ್ಲಿ ಸುಮಾರು 11, ಹುಡುಗರಲ್ಲಿ 12ನೇ ವಯಸ್ಸಿನವರೆಗೆ ಹೆಚ್ಚುತ್ತದೆ, ಆಮೇಲೆ ತೆಳುವಾಗುತ್ತ ಹೋಗುತ್ತದೆ.

ಈ ತೆಳುವಾಗುವಿಕೆ ನಷ್ಟವಲ್ಲ. ಒತ್ತಾಗಿ ಎದ್ದ ಸಸಿಗಳಲ್ಲಿ ಕೆಲವನ್ನು ಕಿತ್ತು ಉಳಿದವಕ್ಕೆ ಜಾಗ ಬಿಡುವ ರೈತನಂತೆ, ಮೆದುಳು ಬಳಕೆಯಲ್ಲಿಲ್ಲದ ನರಕೋಶಗಳ ಕೊಂಡಿಗಳನ್ನು ಬಿಟ್ಟು, ಪದೇ ಪದೇ ಬಳಸಿದವನ್ನು ಗಟ್ಟಿ ಮಾಡಿಕೊಳ್ಳುತ್ತದೆ. ಉಳಿದ ನರತಂತುಗಳ ಸುತ್ತ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಬೆಳೆದು, ಸಂದೇಶಗಳು ಹಲವು ಪಟ್ಟು ವೇಗವಾಗಿ ಓಡುತ್ತವೆ. ಯೋಚಿಸಿ ಹೆಜ್ಜೆ ಇಡುವ, ಆಸೆಗೆ ಕಡಿವಾಣ ಹಾಕುವ ಮುಂಭಾಗದಲ್ಲಿ ಈ ಕೆಲಸ ಎಲ್ಲಕ್ಕಿಂತ ಕೊನೆಗೆ, ಇಪ್ಪತ್ತೈದರ ಆಸುಪಾಸಿನಲ್ಲಿ ಒಂದು ಹದಕ್ಕೆ ಬರುತ್ತದೆ.

ಖುಷಿ, ಬಹುಮಾನ, ಮೆಚ್ಚುಗೆಗೆ ಮಿಡಿಯುವ ಒಳಭಾಗಗಳು ಅಷ್ಟು ಕಾಯುವುದಿಲ್ಲ. ಮೈನೆರೆಯುವ ವಯಸ್ಸಿನಲ್ಲೇ ಅವು ಚುರುಕಾಗುತ್ತವೆ. ಮನೋವಿಜ್ಞಾನಿಗಳಾದ ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹದಿಹರೆಯದವರು ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಆಡಿದರು. ಗೆಳೆಯರು ಪಕ್ಕದಲ್ಲಿದ್ದಾಗ ಅವರು ತೆಗೆದುಕೊಂಡ ಅಪಾಯ, ಒಬ್ಬರೇ ಇದ್ದಾಗಿನದಕ್ಕಿಂತ ಸುಮಾರು ಎರಡು ಪಟ್ಟು. ವಯಸ್ಕರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಒಂದೇ ಬೈಕಿನಲ್ಲಿ ಮೂವರು ಕೂತು ಹೋಗುವ, ತುಂಗಭದ್ರಾ ಎಡದಂಡೆ ಕಾಲುವೆಗೆ ಗೆಳೆಯರ ಎದುರು ಜಿಗಿಯುವ ನಮ್ಮ ಹುಡುಗರಿಗೆ ಅಪಾಯ ಗೊತ್ತಿಲ್ಲವೆಂದಲ್ಲ. ನೋಡುವ ಕಣ್ಣುಗಳಿದ್ದಾಗ ಆ ತಿಳಿವಳಿಕೆಯ ತೂಕ ತಗ್ಗುತ್ತದೆ. ಬೈಗುಳದಿಂದ ಇದು ಹೋಗುವುದಿಲ್ಲ. ಕಾಲುವೆ ದಂಡೆಯಲ್ಲಿ ಒಬ್ಬ ಹಿರಿಯ ನಿಂತಿದ್ದರೆ ಜೀವ ಉಳಿಯುತ್ತದೆ.

ಬುದ್ಧಿಮಟ್ಟವೂ ಬದಲಾಗುತ್ತದೆ

ಲಂಡನ್ನಿನ ವಿಜ್ಞಾನಿಗಳು 33 ಹದಿಹರೆಯದವರ ಬುದ್ಧಿಮಟ್ಟವನ್ನು 2004ರಲ್ಲಿ ಅಳೆದು, ಮೂರ್ನಾಲ್ಕು ವರ್ಷಗಳ ಬಳಿಕ ಮತ್ತೆ ಅಳೆದರು. 2011ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕೆಲವರ ಅಂಕ ಇಪ್ಪತ್ತರಷ್ಟು ಏರಿತ್ತು, ಕೆಲವರದು ಅಷ್ಟೇ ಇಳಿದಿತ್ತು. ಆ ಏರಿಳಿತಕ್ಕೆ ಹೊಂದುವ ಬದಲಾವಣೆ ಮೆದುಳಿನ ಸ್ಕ್ಯಾನಿನಲ್ಲೂ ಕಂಡಿತು. ಗುಂಪು ಚಿಕ್ಕದು, ಆದರೂ ಹೇಳುವ ಮಾತು ದೊಡ್ಡದು: ಹದಿಮೂರು, ಹದಿನಾಲ್ಕರ ಅಳತೆ ಕೊನೆಯ ಅಳತೆಯಲ್ಲ.

ಏರುವುದೋ ಇಳಿಯುವುದೋ ಎಂಬುದರಲ್ಲಿ ಸುತ್ತಲಿನ ಬದುಕಿನ ಪಾಲೂ ಇದೆ. ಭಾರತದ ಮಕ್ಕಳಲ್ಲಿ ಇದನ್ನು ಅರಿಯಲು ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದ ಸಿವೇದ ಅಧ್ಯಯನ 6ರಿಂದ 23 ವರ್ಷದವರನ್ನು ದೇಶದ ಏಳು ಕೇಂದ್ರಗಳಲ್ಲಿ ಪರೀಕ್ಷಿಸಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯೂ ಅದರಲ್ಲೊಂದು. ಅಪೌಷ್ಟಿಕತೆ, ಪರಿಸರದ ವಿಷವಸ್ತು, ಬಾಲ್ಯದ ಸಂಕಷ್ಟಗಳು ಬೆಳೆಯುವ ಮೆದುಳನ್ನು ಹೇಗೆ ತಟ್ಟುತ್ತವೆ ಎಂಬುದು ಅದರ ಮುಖ್ಯ ಪ್ರಶ್ನೆ. ರಾಯಚೂರಿಗೆ ಇದಕ್ಕಿಂತ ಹತ್ತಿರದ ಪ್ರಶ್ನೆ ಇಲ್ಲ.

ಇಲ್ಲಿ ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ಕಾಲ ಬಂತೆಂದರೆ ಶಾಲೆಯ ಬೆಂಚು ಖಾಲಿಯಾಗುತ್ತದೆ, ಕೂಲಿಗೆ ಒಯ್ಯುವ ಟಂಟಂ ತುಂಬುತ್ತದೆ. ಕಲಿಕೆಯ ಕೊಂಡಿಗಳು ಗಟ್ಟಿಯಾಗಬೇಕಾದ ವರ್ಷಗಳಲ್ಲಿ, ಪ್ರತಿ ಸುಗ್ಗಿಗೂ ವಾರಗಟ್ಟಲೆ ಓದು ನಿಲ್ಲುತ್ತದೆ. ಅದರ ಮೇಲೆ ರಕ್ತಹೀನತೆ. ಮೆದುಳಿನ ಸಂದೇಶವಾಹಕ ಡೋಪಮಿನ್ ಮತ್ತು ಮಯಲಿನ್ ತಯಾರಿಗೆ ಕಬ್ಬಿಣಾಂಶ ಬೇಕೇಬೇಕು. ಮುಟ್ಟು ಶುರುವಾದ ಹುಡುಗಿಯರಲ್ಲಿ ಅದು ಬೇಗ ಬರಿದಾಗುತ್ತದೆ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಮಾತ್ರೆಯಲ್ಲಿರುವುದು 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಮ್ಲ. ‘ಹೊಟ್ಟಿ ತೊಳಸ್ತದ’ ಎಂದು ಮಕ್ಕಳು ಎಸೆಯುವ ಮಾತ್ರೆ ಇದೇ. ಊಟದ ನಂತರ ನುಂಗಿದರೆ ಆ ತೊಂದರೆ ಕಡಿಮೆ.

ನಿದ್ದೆಯ ಮಾತೂ ಇದೆ. ಈ ವಯಸ್ಸಿನಲ್ಲಿ ನಿದ್ದೆ ಬರಿಸುವ ಮೆಲಟೋನಿನ್ ರಾತ್ರಿ ತಡವಾಗಿ ಹೊಮ್ಮುತ್ತದೆ, ಆದರೆ ದೇಹಕ್ಕೆ 8ರಿಂದ 10 ತಾಸು ನಿದ್ದೆ ಬೇಕು. ಬೆಳಗಿನ ಜಾವ ನೀರಿಗೋ ಹೊಲಕ್ಕೋ ಎದ್ದ ಮಗು ಪಾಠದ ವೇಳೆ ತೂಕಡಿಸಿದರೆ ಅದು ಸೋಮಾರಿತನವಲ್ಲ.

ಮಾಡಬೇಕಾದ್ದು

ಮಾನಸಿಕ ಕಾಯಿಲೆಗಳಲ್ಲಿ ಅರ್ಧದಷ್ಟು 14ನೇ ವಯಸ್ಸಿನೊಳಗೇ ತಲೆದೋರುತ್ತವೆ ಎನ್ನುತ್ತವೆ ಅಧ್ಯಯನಗಳು. ಮಗು ವಾರಗಟ್ಟಲೆ ಮಂಕಾಗಿದ್ದರೆ ‘ದೆವ್ವ ಹೊಕ್ಕೈತಿ’ ಎನ್ನುವ ಮೊದಲು 14416ಕ್ಕೆ ಕರೆ ಮಾಡಿ. ಟೆಲಿ ಮನಸ್ ಸಹಾಯವಾಣಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸರ್ಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್‌ಗಳು ಇರುವುದೇ ಈ ವಯಸ್ಸಿನವರಿಗಾಗಿ.

ಫೇಲಾದ ಮಗುವಿಗೆ ಮತ್ತೆ ಪರೀಕ್ಷೆ ಕಟ್ಟಿಸಿ. ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಬರೆಯುವ ಪದ್ಧತಿಯನ್ನು ರಾಜ್ಯ ತಂದದ್ದು ಇಂಥವರಿಗಾಗಿಯೇ. ಹದಿನೆಂಟರೊಳಗಿನ ಹುಡುಗಿಯ ಮದುವೆ ಕಾನೂನಿನ ಪ್ರಕಾರ ಅಪರಾಧ. ಇನ್ನೂ ರೂಪುಗೊಳ್ಳುತ್ತಿರುವ ಮನಸ್ಸಿನ ಮೇಲೆ ಸಂಸಾರ, ಬಸಿರು, ಬಾಣಂತನ ಹೊರಿಸುವುದು ಅದಕ್ಕಿಂತ ದೊಡ್ಡ ಅನ್ಯಾಯ.

ಗ್ರಾಮ ಪಂಚಾಯಿತಿಗಳು ಸುಗ್ಗಿಯ ತಿಂಗಳುಗಳಲ್ಲಿ ಎಂಟು, ಒಂಬತ್ತು, ಹತ್ತನೇ ತರಗತಿಗಳ ಹಾಜರಿಯನ್ನು ವಾರಕ್ಕೊಮ್ಮೆ ನೋಡಲಿ, ಬಾರದ ಮಕ್ಕಳ ಮನೆಗೆ ಹೋಗಲಿ. ಪಂಚಾಯಿತಿ ಗ್ರಂಥಾಲಯವಾದ ಅರಿವು ಕೇಂದ್ರದ ಬಾಗಿಲು ಸಂಜೆ ಹೊತ್ತು ಅವರಿಗಾಗಿ ತೆರೆದಿರಲಿ. ಇದಕ್ಕೆ ಹೊಸ ಯೋಜನೆ ಬೇಡ, ದೊಡ್ಡ ದುಡ್ಡೂ ಬೇಡ. ಈ ಮಕ್ಕಳ ತಲೆಯಲ್ಲಿ ಇನ್ನೂ ಹತ್ತು ವರ್ಷದ ಕೆಲಸ ಬಾಕಿಯಿದೆ ಎಂದು ಊರು ಒಪ್ಪಿಕೊಂಡರೆ ಸಾಕು.