ಕಡಲಂಚಿನ ಆಸ್ಪತ್ರೆಗಳು

2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆ ಸುರಿದುದನ್ನು ಮುಂಬಯಿಯ ನಾವಾರೂ ಮರೆತಿಲ್ಲ. ಗಂಟೆಗೆ 25 ಮಿಲಿಮೀಟರ್ ಮಳೆಗೆಂದು ರಚಿಸಿದ್ದ ಹಳೆಯ ಚರಂಡಿಗಳು, ಕಡಲಿನ ಉಬ್ಬರವೂ ಏರಿದಾಗ, ನೀರನ್ನು ಹೊರಸಾಗಿಸಲಾರದೆ ಹೋದವು. ನೀರಿಳಿದ ಬಳಿಕ ಇಲಿಜ್ವರ ಹಬ್ಬಿತು. ಇಲಿಯ ಮೂತ್ರ ಬೆರೆತ ನೀರು ಕಾಲಿನ ಗಾಯಕ್ಕೆ ಸೋಕಿದರೂ ಸಾಕು, ಈ ರೋಗ ತಗಲಬಹುದು. ಆಸ್ಪತ್ರೆ ಅತ್ಯಗತ್ಯವಾಗುವುದು ಇಂತಹ ದಿನಗಳಲ್ಲಿಯೇ.

1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯು ಉಬ್ಬರರೇಖೆಯಿಂದ 500 ಮೀಟರಿನವರೆಗೆ ನಿರ್ಮಾಣಗಳಿಗೆ ಕಟ್ಟುಪಾಡು ವಿಧಿಸಿತು. 2019ರ ಅಧಿಸೂಚನೆಯಲ್ಲಿ ಅಪಾಯರೇಖೆಯೊಂದರ ಪ್ರಸ್ತಾಪವಿದೆಯಾದರೂ ಅದು ವಿಪತ್ತು ನಿರ್ವಹಣೆಯ ಯೋಜನೆಗಷ್ಟೇ ಸಾಧನ. ದೂರವನ್ನು ಅಳೆದರೆ ಸಾಲದು, ಎತ್ತರವನ್ನೂ ಅಳೆಯಬೇಕೆಂದು ನನ್ನ ಅಭಿಪ್ರಾಯ. 2012ರಲ್ಲಿ ಸ್ಯಾಂಡಿ ಚಂಡಮಾರುತ ಬೀಸಿದ ರಾತ್ರಿ ನ್ಯೂಯಾರ್ಕಿನ ಆಸ್ಪತ್ರೆಯೊಂದರ ನೆಲಮಾಳಿಗೆಗೆ ನೀರು ನುಗ್ಗಿ ವಿದ್ಯುತ್ತು ನಿಂತುಹೋಯಿತು. ದಾದಿಯರು ಹಸುಗೂಸುಗಳನ್ನು ಎದೆಗವಚಿಕೊಂಡು ಕತ್ತಲೆಯ ಮೆಟ್ಟಿಲುಗಳನ್ನು ಇಳಿದರು.