ಗಾಡಿ ಮುಂದೆ ಕ್ಯೂ ಇದೆ, ಗಲ್ಲಾಪೆಟ್ಟಿಗೆಯಲ್ಲಿ ಏನಿದೆ?

ಸಂಜೆ ವಾಕಿಂಗ್ ಹೋದಾಗ ಬಣ್ಣಬಣ್ಣದ ಫುಡ್ ಟ್ರಕ್ ಮುಂದೆ ಜನ ಮುಗಿಬಿದ್ದಿರುವುದನ್ನು ಕಂಡು, 'ಇದಕ್ಕಿಂತ ರುಚಿಯಾಗಿ ನಾನೇ ಮಾಡ್ತೀನಪ್ಪಾ' ಅಂತ ನಿಮಗೂ ಅನ್ನಿಸಿರಬೇಕಲ್ಲ? ಖಂಡಿತ ಮಾಡ್ತೀರಿ. ಮಂಗಳೂರಿನ 'ಹಳ್ಳಿಮನೆ ರೊಟ್ಟೀಸ್' ಕೂಡ 2015ರಲ್ಲಿ ಗೃಹಿಣಿಯೊಬ್ಬರು ಒಂದೇ ಪಿಕಪ್ ಗಾಡಿಯಿಂದ ಶುರು ಮಾಡಿದ್ದು. 2017ರಲ್ಲಿ ವ್ಯಾಪಾರ ವಿಸ್ತರಿಸಲು ಉದ್ಯಮಿ ಆನಂದ್ ಮಹೀಂದ್ರಾ ನೆರವಿಗೆ ಮುಂದಾದಾಗ ದೊಡ್ಡ ಸುದ್ದಿಯಾಯಿತು. ಎಲ್ಲರಿಗೂ ಮಹೀಂದ್ರಾ ಸಿಗೋದಿಲ್ಲ ನೋಡಿ. ಎರಡನೇ ಗಾಡಿಯ ಆಸೆ ಹುಟ್ಟಿದಾಗ ಉಳಿದವರೆಲ್ಲ ನಂಬಬೇಕಾದ್ದು ತಮ್ಮ ಲೆಕ್ಕವನ್ನೇ.

ಕಿಟಕಿ ತೆರೆಯುವ ಮುನ್ನ

ಗಿರಾಕಿಗೆ ಕಾಣುವುದು ಮೂರ್ನಾಲ್ಕು ಗಂಟೆಯ ವ್ಯಾಪಾರ ಮಾತ್ರ. ಅದಕ್ಕೆ ಮುಂಚೆ ಮಾರ್ಕೆಟ್ಟಿಗೆ ಓಡಬೇಕು, ಹಿಟ್ಟು ರುಬ್ಬಬೇಕು, ಕಾಯಿ ತುರಿಯಬೇಕು, ನೀರಿನ ಕ್ಯಾನ್ ತುಂಬಿಸಬೇಕು. ಅಡುಗೆಮನೆಯ ಸಿಲಿಂಡರನ್ನೇ ಗಾಡಿಗೆ ಹಾಕಿದರಾಯ್ತು ಅಂದುಕೊಳ್ಳಬೇಡಿ. ವ್ಯಾಪಾರಕ್ಕೆ ಕಮರ್ಷಿಯಲ್ ಸಿಲಿಂಡರೇ ಬೇಕು. ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಅಥವಾ ಲೈಸೆನ್ಸ್, ಪಾಲಿಕೆಯ ಅನುಮತಿ, ಗಾಡಿಯ ವಿನ್ಯಾಸ ಬದಲಿಸಿದ್ದಕ್ಕೆ ಆರ್‌ಟಿಒ ಒಪ್ಪಿಗೆ, ಇವ್ಯಾವುದನ್ನೂ 'ಆಮೇಲೆ ನೋಡೋಣ' ಅನ್ನುವ ಹಾಗಿಲ್ಲ.

ಮೂವತ್ತು ಪ್ಲೇಟು ನೂರಾದಾಗ ಕೈಯಳತೆ ಸಾಲದು. ಒಂದು ತಕ್ಕಡಿ ತನ್ನಿ, ಉಪ್ಪು, ಖಾರ, ಬೇಳೆ ಎಲ್ಲವನ್ನೂ ತೂಕದಲ್ಲಿ ಬರೆದಿಡಿ. ಇಲ್ಲದಿದ್ದರೆ ನೀವು ಜ್ವರ ಬಂದು ಮಲಗಿದ ದಿನ ಸಹಾಯಕಿ ಮಾಡಿದ ಸಾರು ಬೇರೆಯೇ ಆಗಿರುತ್ತೆ. ಅನ್ನದ ವಿಷಯದಲ್ಲಂತೂ ಮೈಯೆಲ್ಲಾ ಕಣ್ಣಾಗಿರಿ. ಬೇಯಿಸಿದ ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಕೂತರೆ ಅದರಲ್ಲಿ ವಾಂತಿ-ಭೇದಿ ತರಿಸುವ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಆಮೇಲೆ ಬಿಸಿ ಮಾಡಿದರೂ ಅದರ ವಿಷ ಪೂರ್ತಿ ಹೋಗದು. ಬಿಸಿಬೇಳೆಬಾತ್, ಪಲಾವ್ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ಅಂದರೆ ಹಬೆಯಾಡುತ್ತಲೇ ಇರಬೇಕು. ಇನ್ನೂರು ಪ್ಲೇಟಿನ ಅನ್ನ ಒಟ್ಟಿಗೇ ಮಾಡಿಡುವ ಬದಲು ಎರಡು ಕಂತಿನಲ್ಲಿ ಮಾಡಿ.

ನಿಮ್ಮ ಸಂಬಳ ಎಲ್ಲಿ?

ಹೆಚ್ಚಿನ ಹೆಂಗಸರು ಎಡವುವುದು ಇಲ್ಲೇ. ಒಂದು ಉದಾಹರಣೆ ತಗೊಳ್ಳಿ. 50 ರೂಪಾಯಿಯ ನೂರು ಪ್ಲೇಟು ಹೋದರೆ ಕೈಗೆ ಬರೋದು 5,000. ದಿನಸಿ, ತರಕಾರಿ 2,200, ಸಹಾಯಕಿಗೆ 800, ಸಾಲದ ಕಂತಿನ ಒಂದು ದಿನದ ಪಾಲು 600, ಗ್ಯಾಸ್ 300, ಪ್ಲೇಟು-ನೀರು 300, ಡೀಸೆಲ್ 200. ಎಲ್ಲ ಕಳೆದು ಉಳಿಯುವುದು 600. 'ಪರವಾಗಿಲ್ವೇ, ದಿನಕ್ಕೆ ಆರುನೂರು ಲಾಭ' ಅಂತ ಖುಷಿಪಡ್ತೀರಾ? ಅಯ್ಯೋ, ಅದು ಲಾಭ ಅಲ್ಲ ಕಣ್ರೀ, ನಿಮ್ಮ ಕೂಲಿ! ಅದೂ ಸಹಾಯಕಿಗಿಂತ ಇನ್ನೂರು ಕಡಿಮೆ.

ಈಗ ಇದೇ ಲೆಕ್ಕದಲ್ಲಿ ಎರಡನೇ ಗಾಡಿ ಇಳಿಸಿ ನೋಡಿ. ಅಲ್ಲಿ ನೀವಿರುವುದಿಲ್ಲ, ನಿಮ್ಮ ಜಾಗಕ್ಕೆ ಇನ್ನೊಬ್ಬರು ಬೇಕು. ಅವರಿಗೂ 800 ಕೊಟ್ಟರೆ ದಿನಕ್ಕೆ 200 ನಷ್ಟ. ಮಳೆ ಬಂದು ಹತ್ತು ಪ್ಲೇಟು ಉಳಿಯಿತೋ, ನಷ್ಟ 700ಕ್ಕೆ ಏರುತ್ತದೆ. ಗಾಡಿ ಮುಂದಿನ ಕ್ಯೂ ಮಾತ್ರ ಹಾಗೇ ಇರುತ್ತದೆ!

ಹಾಗಾಗಿ ಮೊದಲು ಒಂದನೇ ಗಾಡಿಯ ಖರ್ಚಿನ ಪಟ್ಟಿಯಲ್ಲೇ ನಿಮ್ಮ ಸಂಬಳ ಬರೆಯಿರಿ. ಅದನ್ನೂ ಕಳೆದ ಮೇಲೆ ಹಣ ಉಳಿಯಬೇಕು. ಪ್ಲೇಟಿಗೆ ಐದು ರೂಪಾಯಿ ಏರಿಸಿದರೂ ನೂರು ಪ್ಲೇಟು ಹೋದರೆ ದಿನಕ್ಕೆ 500 ಹೆಚ್ಚು ಸಿಗುತ್ತೆ. ಗಿರಾಕಿ ಗೊಣಗಬಹುದು, ರುಚಿ ಹಿಡಿದವರು ಮತ್ತೆ ಬಂದೇ ಬರ್ತಾರೆ. ಹನ್ನೆರಡು ಬಗೆ ತಿಂಡಿಯ ಬೋರ್ಡ್ ತೆಗೆದು ನಾಲ್ಕಕ್ಕಿಳಿಸಿ. ಒಂದೇ ಆಲೂಗಡ್ಡೆ ಪಲ್ಯ ದೋಸೆಗೂ ಪೂರಿಗೂ ಆಗುವಂತಿದ್ದರೆ ಮಿಕ್ಕಿ ಚೆಲ್ಲುವುದು ಕಡಿಮೆ.

ಕ್ಯೂಆರ್ ಕೋಡ್ ಯಾರ ಹೆಸರಲ್ಲಿದೆ?

ಕೇಳಲು ಸಂಕೋಚವಾದರೂ ಕೇಳಬೇಕಾದ ಪ್ರಶ್ನೆ. ಗಾಡಿಗೆ ಅಂಟಿಸಿದ ಕೋಡ್ ಯಜಮಾನರ ಖಾತೆಯದ್ದಾದರೆ ಪ್ರತಿ ಪ್ಲೇಟಿನ ದುಡ್ಡು ಅವರ ಖಾತೆಗೇ ಹೋಗುತ್ತೆ. ಬೆಳಗ್ಗೆ ದಿನಸಿ ತರಲು ನೀವೇ ಅವರ ಮುಂದೆ ಕೈಚಾಚಬೇಕು. ಅವರು ಒಳ್ಳೆಯವರೇ ಇರಬಹುದು, ಆದರೆ ವ್ಯಾಪಾರದ ದಾಖಲೆ ನಿಮ್ಮ ಹೆಸರಲ್ಲಿ ಬೆಳೆಯೋದಿಲ್ಲ. ನಿಮ್ಮ ಹೆಸರಿಗೆ ಪ್ರತ್ಯೇಕ ಖಾತೆ ತೆರೆದು, ನೋಂದಣಿಯನ್ನೂ ನಿಮ್ಮ ಹೆಸರಲ್ಲೇ ಮಾಡಿಸಿ. ಸಾಸಿವೆ ಡಬ್ಬಿಗೆ ಹಾಕುವ ನಗದನ್ನೂ ಅದೇ ಖಾತೆಗೆ ಕಟ್ಟಿ. ಮುದ್ರಾ ಯೋಜನೆಯಡಿ ಅಡಮಾನವಿಲ್ಲದೆ ಸಾಲ ಸಿಗುತ್ತದೆ, ಶಿಶು ವರ್ಗದಲ್ಲಿ 50 ಸಾವಿರದವರೆಗೆ, ಕಿಶೋರ್ ವರ್ಗದಲ್ಲಿ 5 ಲಕ್ಷದವರೆಗೆ. ಅರ್ಜಿ ಹಿಡಿದು ಹೋದಾಗ ಮ್ಯಾನೇಜರ್ ಕೇಳುವುದು ನಿಮ್ಮ ಸಾಂಬಾರಿನ ರುಚಿಯನ್ನಲ್ಲ, ಆರು ತಿಂಗಳ ಸ್ಟೇಟ್‌ಮೆಂಟನ್ನು.