ಮರದ ಬಿಲ್ಲುಬಾಣಗಳಿಗೆ ಮಳೆಗಾಲದ ಲೇಪ

ಮರದ ಬಿಲ್ಲನ್ನು ಕೈಯಾರೆ ಮಾಡತಕ್ಕವನು ವಾರಗಟ್ಟಲೆ ಕೆತ್ತಿ, ಹೆರೆದು, ಎರಡು ತೋಳುಗಳೂ ಸಮನಾಗಿ ಬಾಗುವಂತೆ ತಿದ್ದಿ, ಕಟ್ಟಕಡೆಗೆ ಅಂಗಡಿಯಲ್ಲಿ ಸಿಕ್ಕಿದ ಯಾವುದೋ ವಾರ್ನಿಷನ್ನು ಬಳಿದು ಕೆಲಸ ಮುಗಿಯಿತೆಂದು ಭಾವಿಸುವುದುಂಟು. ಇದು ಬರಿಯ ಹೊಳಪಿನ ವಿಚಾರವೆಂದು ಅವನ ಎಣಿಕೆ. ವಾಸ್ತವವಾಗಿ ಇದು ಬಿಲ್ಲಿನ ಆಯುಸ್ಸಿನ ವಿಚಾರ. ಒಮ್ಮೊಮ್ಮೆ ಬಿಲ್ಲುಗಾರನ ಕಣ್ಣಿನ ವಿಚಾರವೂ ಹೌದು. ಬಿಲ್ಲು ಮುರಿಯುವುದು ಗೋಡೆಗೆ ಒರಗಿಸಿಟ್ಟಾಗಲ್ಲ. ಹೆದೆಯನ್ನು ಕೆನ್ನೆಯವರೆಗೆ ಸೆಳೆದು ನಿಂತಿರುವಾಗ.

ಮರವನ್ನು ಕಡಿದು ಎಷ್ಟು ಕಾಲವಾದರೂ ಅದು ಗಾಳಿಯೊಡನೆ ನೀರಿನ ಕೊಡುಕೊಳ್ಳುವಿಕೆಯನ್ನು ನಿಲ್ಲಿಸುವುದಿಲ್ಲ. ಗಾಳಿಯ ಆರ್ದ್ರತೆ ನೂರಕ್ಕೆ 50ರಷ್ಟಿರುವ ಕಡೆ ಬಹುಕಾಲ ಇದ್ದ ಮರದಲ್ಲಿ, ಅದರ ಒಣತೂಕದ ನೂರಕ್ಕೆ ಸುಮಾರು 9 ಪಾಲು ನೀರಿರುತ್ತದೆ. ಆರ್ದ್ರತೆ 90ಕ್ಕೆ ಏರಿ ಅಲ್ಲಿಯೇ ನಿಂತರೆ ಈ ಪಾಲು 20ರ ಸಮೀಪಕ್ಕೆ ಬರುತ್ತದೆ. ಆಗುಂಬೆಯ ಕಡೆ ಮಳೆಗಾಲವನ್ನು ಕಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೇಸಗೆಯಲ್ಲಿ ಸಲೀಸಾಗಿ ಮುಚ್ಚಿದ ಬಾಗಿಲು ಆಷಾಢದಲ್ಲಿ ಹಟ ಹಿಡಿಯುವುದನ್ನು ಅವರು ಬಲ್ಲರು. ತೇವ ಕುಡಿದ ಬಿಲ್ಲು ಮೆತ್ತಗಾಗುತ್ತದೆ. ಹೆದೆಯಿಳಿಸಿದ ಮೇಲೂ ಬಾಗಿಯೇ ಉಳಿಯುತ್ತದೆ. ಬಾಣಕ್ಕೆ ವೇಗ ತಗ್ಗುತ್ತದೆ. ಅತಿಯಾಗಿ ಒಣಗಿದ ಬಿಲ್ಲಾದರೋ ಬಿರುಸಾಗಿ ಎಸೆಯುತ್ತದೆ, ಆದರೆ ತಾಳಿಕೆಯಿಲ್ಲದೆ ಸಿಡಿಯುತ್ತದೆ. ಬಹುಪಾಲು ಮರದ ಬಿಲ್ಲುಗಳಿಗೆ ನೂರಕ್ಕೆ 8ರಿಂದ 10 ಪಾಲು ನೀರು ಹಿತವಾದುದು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಸುರಿಯುವ ನೀರನ್ನು ತಡೆಯುವುದು ಸುಲಭ. ಗಾಳಿಯಲ್ಲಿರುವ ಆವಿಯನ್ನು ಪೂರ್ತಿಯಾಗಿ ತಡೆಯುವ ಲೇಪ ಯಾವುದೂ ಇಲ್ಲ. ಲೇಪವು ಆವಿಯ ಸಂಚಾರವನ್ನು ನಿಧಾನಗೊಳಿಸುತ್ತದೆ, ಅಷ್ಟೆ. ಆದುದರಿಂದ ಹಸಿಮರಕ್ಕೆ ಲೇಪ ಹಾಕಿದರೆ ಒಳಗಿನ ನೀರನ್ನೇ ಸೆರೆಯಿಟ್ಟಂತಾಗುತ್ತದೆ. ಮರವನ್ನು ಕೆಲವು ದಿನಗಳಿಗೊಮ್ಮೆ ತಕ್ಕಡಿಯಲ್ಲಿ ತೂಗಿ, ತೂಕ ಇಳಿಯದೆ ನಿಂತಿತೆಂದು ಕಂಡ ಮೇಲೆಯೇ ಲೇಪದ ಯೋಚನೆ ಮಾಡತಕ್ಕದ್ದು.

ಮೇಜಿಗೂ ಬಿಲ್ಲಿಗೂ ಇನ್ನೊಂದು ಭೇದವುಂಟು. ಬಿಲ್ಲನ್ನು ಸೆಳೆದಾಗ ಗುರಿಯ ಕಡೆಗಿರುವ ಬೆನ್ನು ಹಿಗ್ಗುತ್ತದೆ, ನಮ್ಮ ಕಡೆಗಿರುವ ಹೊಟ್ಟೆ ಕುಗ್ಗುತ್ತದೆ. ಮರದೊಡನೆ ಹಿಗ್ಗಿ ಕುಗ್ಗಲಾರದ ಲೇಪವು ಕೂದಲೆಳೆಯಂತೆ ಬಿರಿಯುತ್ತದೆ. ಆ ಬಿರುಕಿನಲ್ಲಿ ಇಳಿದ ನೀರು ಲೇಪದ ಕೆಳಗೆ ಹರಡಿ ಅಲ್ಲಿಯೇ ತಂಗುತ್ತದೆ. ಗಡುಸಾದ, ದಪ್ಪನಾದ ಲೇಪ ಬಿಲ್ಲಿಗೆ ಸಲ್ಲದು.

ಎಣ್ಣೆಯ ಮಾತನ್ನು ಮೊದಲು ಎತ್ತಿಕೊಳ್ಳೋಣ. ನಮ್ಮ ಮನೆಗಳಲ್ಲಿ ಕೈಗೆ ಸಿಕ್ಕುವುದು ತೆಂಗಿನೆಣ್ಣೆ, ಹರಳೆಣ್ಣೆ. ಇವು ಎಷ್ಟು ದಿನವಾದರೂ ಒಣಗವು. ಧೂಳನ್ನು ಹಿಡಿದು ಜಿಡ್ಡಾಗಿ ಉಳಿಯುತ್ತವೆ. ಅಗಸೆಯೆಣ್ಣೆಯ ಗುಣವೇ ಬೇರೆ. ಅದು ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿ ಕ್ರಮೇಣ ಗಟ್ಟಿಯಾದ ಪೊರೆಯಾಗುತ್ತದೆ. ಚೀನಾ ದೇಶದ ಟಂಗ್ ಎಣ್ಣೆಯೂ ಇದೇ ಜಾತಿಯದು. ಇಂಥ ಎಣ್ಣೆ ಮರದೊಳಕ್ಕೆ ಇಳಿಯುತ್ತದೆ, ಬಿರಿಯುವುದಿಲ್ಲ, ಸವೆದರೆ ಮತ್ತೆ ಸವರಬಹುದು. ಆದರೆ ಆವಿಯನ್ನು ತಡೆಯುವುದರಲ್ಲಿ ಅಗಸೆಯೆಣ್ಣೆ ಬಲು ದುರ್ಬಲವೆಂಬುದು ಪರೀಕ್ಷೆಗಳಿಂದ ತಿಳಿದುಬಂದಿದೆ. ಇನ್ನೊಂದು ಎಚ್ಚರಿಕೆಯನ್ನು ದಯವಿಟ್ಟು ಮರೆಯಕೂಡದು: ಅಗಸೆಯೆಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆದರೆ, ಎಣ್ಣೆ ಒಣಗುವಾಗ ಹುಟ್ಟುವ ಕಾವು ಒಳಗೇ ಕೂಡಿಕೊಂಡು ತಾನಾಗಿಯೇ ಬೆಂಕಿ ಹೊತ್ತಿಕೊಳ್ಳಬಲ್ಲದು. ಬಟ್ಟೆಯನ್ನು ಬಯಲಿನಲ್ಲಿ ಹರವಿ ಒಣಗಿಸಬೇಕು, ಇಲ್ಲವೆ ನೀರಿನಲ್ಲಿ ಮುಳುಗಿಸಿಡಬೇಕು.

ಅರಗು ನಮ್ಮವರಿಗೆ ಹಳೆಯ ಬಂಧು. ಚನ್ನಪಟ್ಟಣದ ಬೊಂಬೆ ಮಾಡುವವರು ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ, ಉಜ್ಜಾಟದ ಕಾವಿನಿಂದಲೇ ಅದನ್ನು ಕರಗಿಸಿ ಹತ್ತಿಸುತ್ತಾರೆ. ಬಾಗುವ ಬಿಲ್ಲಿಗೆ ಈ ಕ್ರಮ ಒಗ್ಗದು. ಮದ್ಯಸಾರದಲ್ಲಿ ಕರಗಿಸಿದ ತೆಳ್ಳನೆಯ ಅರಗನ್ನು ಬಟ್ಟೆಯಿಂದ ಸವರುವುದು ಇಲ್ಲಿ ಯೋಗ್ಯ. ಆವಿಯನ್ನು ತಡೆಯುವುದರಲ್ಲಿ ಇದು ಎಣ್ಣೆಗಿಂತ ಬಹಳ ಮೇಲು. ಇದರ ಕೊರತೆ ಬೇರೊಂದು ಕಡೆ: ನೀರು ನಿಂತರೆ ಬೆಳ್ಳಗೆ ಮಚ್ಚೆ ಬೀಳುತ್ತದೆ, ದಪ್ಪವಾದರೆ ಬಿರಿಯುತ್ತದೆ. ಆದುದರಿಂದ ಅರಗು ಒಳಗಿನ ಲೇಪವಾಗಿರಲಿ. ಅದರ ಮೇಲೆ ಹಡಗಿನ ಕೂವೆಮರಗಳಿಗೆ ಬಳಿಯುವ ಜಾತಿಯ ವಾರ್ನಿಷು ಒಂದೆರಡು ಸಲ ತೆಳುವಾಗಿ ಬೀಳಲಿ. ಕೂವೆಮರವೂ ಗಾಳಿಗೆ ಬಾಗುತ್ತದೆ. ಅದಕ್ಕಾಗಿಯೇ ಆ ವಾರ್ನಿಷಿನಲ್ಲಿ ಎಣ್ಣೆಯ ಭಾಗವನ್ನು ಹೆಚ್ಚಾಗಿಟ್ಟು ಮೆತುವು ಬರಿಸಿರುತ್ತಾರೆ. ಒಳಗಿನ ಅರಗು ಮೇಣ ತೆಗೆದದ್ದಾಗಿದ್ದರೆ ಮೇಲಿನದು ಚೆನ್ನಾಗಿ ಹತ್ತುತ್ತದೆ.

ಹೊರಗಡೆ ಜೇನುಮೇಣ. ಇದು ಹಳೆಯ ಉಪಾಯ. ಇಂಗ್ಲೆಂಡಿನ ರೋಜರ್ ಆಸ್ಕಮನು 1545ರಲ್ಲಿ ಪ್ರಕಟಿಸಿದ ಬಿಲ್ವಿದ್ಯೆಯ ಗ್ರಂಥದಲ್ಲಿ, ಮೇಣ ಹಚ್ಚಿದ ಉಣ್ಣೆಬಟ್ಟೆಯಿಂದ ಬಿಲ್ಲನ್ನು ದಿನಂಪ್ರತಿ ಹೊಳೆಯುವವರೆಗೂ ಉಜ್ಜಬೇಕೆಂದು ವಿಧಿಸಿದ್ದಾನೆ. ವಿಚಿತ್ರವೆಂದರೆ ಅದೇ ವರ್ಷ ಮೇರಿ ರೋಸ್ ಎಂಬ ಯುದ್ಧನೌಕೆ ಪೋರ್ಟ್ಸ್‌ಮತ್ತಿನ ಬಳಿ ಮುಳುಗಿತು. 1982ರಲ್ಲಿ ಅದನ್ನು ಮೇಲೆತ್ತಿದರು; ನೂರಕ್ಕೂ ಹೆಚ್ಚು ಬಿಲ್ಲುಗಳೂ ಸಾವಿರಾರು ಬಾಣಗಳೂ ಅದರಿಂದ ದೊರೆತುವು. ಆ ಬಾಣಗಳಲ್ಲಿ ಗರಿ ಕಟ್ಟಿದ ಕಡೆ ಹಚ್ಚಿದ್ದ ದ್ರವ್ಯದಲ್ಲಿ ಜೇನುಮೇಣವೂ ತಾಮ್ರದ ಅಂಶವೂ ಇದ್ದುವು.

ಬಾಣದ ವಿಷಯ ಸ್ವಲ್ಪ ಬೇರೆ. ತೇವದಿಂದ ಅದು ಸೊಟ್ಟಗಾಗುತ್ತದೆ, ಭಾರವಾಗುತ್ತದೆ, ಅದರ ಬಿಗಿ ಸಡಿಲುತ್ತದೆ. ಒಂದೇ ಕೈಯಿಂದ ಬಿಟ್ಟ ಹತ್ತು ಬಾಣಗಳು ಹತ್ತು ಕಡೆ ಬೀಳುತ್ತವೆ. ಮರದ ನಾರಿನ ಕೊಳವೆಗಳು ತೆರೆದಿರುವ ಕಡಿತದ ತುದಿಗಳಿಂದ ನೀರು ಅತಿ ಬೇಗ ಒಳನುಗ್ಗುವುದರಿಂದ, ಹೆದೆ ಕೂರುವ ಕಚ್ಚಿಗೂ ಮೊನೆ ಸಿಕ್ಕಿಸುವ ತುದಿಗೂ ಮೊದಲು ಲೇಪ ಕೊಡಬೇಕು. ಬಿಲ್ಲಿನ ಎರಡು ಕೊನೆಗಳಿಗೂ ಇದೇ ನ್ಯಾಯ. ಗರಿ ಅಂಟಿಸುವ ಜಾಗಕ್ಕೆ ಎಣ್ಣೆ, ಮೇಣ ಸೋಕಕೂಡದು. ಸೋಕಿದರೆ ಅಂಟು ಹಿಡಿಯದು. ಚರ್ಮ ಕಾಯಿಸಿ ತೆಗೆದ ಅಂಟಾದರೆ ಒದ್ದೆಯಲ್ಲಿ ಬಿಟ್ಟೇಬಿಡುತ್ತದೆ. ನೂಲು ಸುತ್ತಿ, ನೂಲಿನ ಮೇಲೆ ವಾರ್ನಿಷು ಬಳಿಯುವುದು ಕ್ಷೇಮ. ಗರಿಗೆ ಮಾತ್ರ ಏನನ್ನೂ ಬಳಿಯಬೇಡಿ. ಗಡುಸಾದ ಗರಿ ಕೈಯನ್ನು ಕುಯ್ಯುತ್ತದೆ.

ಮಳೆಯಲ್ಲಿ ನೆನೆದ ಬಿಲ್ಲನ್ನು ಒರೆಸಿ, ಹೆದೆಯಿಳಿಸಿ, ಎರಡು ಗೂಟಗಳ ಮೇಲೆ ಅಡ್ಡಲಾಗಿ ಮಲಗಿಸಿಡಬೇಕು. ಬೇಗ ಒಣಗಲೆಂದು ಅಡಿಗೆಯ ಒಲೆಯ ಮೇಲಣ ಅಟ್ಟಕ್ಕೆ ಏರಿಸುವವರುಂಟು. ಅಲ್ಲಿಂದ ಇಳಿಸಿದ ಬಿಲ್ಲನ್ನು ಒಂದೆರಡು ವಾರ ನೆರಳಿನ ಗಾಳಿಯಲ್ಲಿ ಬಿಡದೆ ಸೆಳೆಯತಕ್ಕದ್ದಲ್ಲ.